ಎಷ್ಟು ಹೀರಿತು ಅನ್ನೋದಲ್ಲ, ಹಿಡಿದಿಟ್ಟುಕೊಂಡಿತಾ ಅಂತ ಕೇಳಿ

ಪ್ರಶ್ನೆ: ತನ್ನ ತೂಕಕ್ಕಿಂತ ಜಾಸ್ತಿ ಅಯೋಡಿನ್ ಹೀರುವ ಎಂಒಎಫ್ (ಲೋಹ-ಸಾವಯವ ಚೌಕಟ್ಟು) ಪುಡಿ ಬಂದಿದೆಯಂತೆ, ನೊಬೆಲ್ ಕೂಡ ಸಿಕ್ಕಿದೆಯಂತೆ. ಅಣುತ್ಯಾಜ್ಯದ ಅಯೋಡಿನ್ ಚಿಂತೆ ಮುಗೀತು ಅಲ್ವಾ ಸರ್?

ಮುಗಿದಿಲ್ಲ. ಈ ಪ್ರಶ್ನೆ ಪದೇ ಪದೇ ಬರುತ್ತಿದೆ, ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ. 2025ರಲ್ಲಿ ವಿಜ್ಞಾನಿಗಳಾದ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಲೋಹಕ್ಕೆ ಸಾವಯವ ಕೊಂಡಿ ಬೆಸೆದು ರಂಧ್ರಗಳ ಚೌಕಟ್ಟು ಕಟ್ಟಿದ್ದಕ್ಕೆ. ಅಯೋಡಿನ್ ಸಮಸ್ಯೆ ಬಗೆಹರಿಸಿದ್ದಕ್ಕಲ್ಲ.

ಜಿಫ್-8 ಅನ್ನೋ ಎಂಒಎಫ್ ಪುಡಿಯನ್ನೇ ನೋಡಿ. ಸತುವಿನಿಂದ ಕಟ್ಟಿದ ಚೌಕಟ್ಟು ಅದು. ರಂಧ್ರದ ಬಾಯಿ ಸುಮಾರು 3.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಅಯೋಡಿನ್ ಅಣುವೂ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಹೇಗೋ ನುಸುಳಿ ಒಳಗಿನ ದೊಡ್ಡ ಗೂಡಿನಲ್ಲಿ ಕೂರುತ್ತದೆ. 1 ಗ್ರಾಂ ಪುಡಿ 1.25 ಗ್ರಾಂವರೆಗೆ ಹೀರಿದ್ದು ನಿಜ. ಆದರೆ ಇಂಥ ಲೆಕ್ಕ ಬರೋದು ಹೇಗೆ? ಮುಚ್ಚಿದ ಗಾಜಿನ ಸೀಸೆಯಲ್ಲಿ ಪುಡಿಯನ್ನೂ ಅಯೋಡಿನ್ ಹರಳನ್ನೂ ಇಟ್ಟು 75-80 ಡಿಗ್ರಿಗೆ ಬಿಸಿ ಮಾಡುತ್ತಾರೆ. ನೇರಳೆ ಹಬೆ ತುಂಬುತ್ತದೆ, ಬಿಳಿ ಪುಡಿ ಕಂದಾಗುತ್ತದೆ, ತೂಗುತ್ತಾರೆ. ಬರೀ ಹೊರಮೈಗೆ ಅಂಟಿದ್ದೂ ಆ ತೂಕದಲ್ಲಿ ಸೇರಿರುತ್ತದೆ. ಕಾಯಿಸಿದರೆ ಅದು ಬಿಟ್ಟುಹೋಗುತ್ತದೆ.

ನಿಜವಾದ ಜಾಗ ಹೀಗಿರಲ್ಲ. ಅಣು ಸ್ಥಾವರದಲ್ಲಿ ಬಳಸಿದ ಇಂಧನವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುವಾಗ ಹೊರಬರುವ ಗಾಳಿಯಲ್ಲಿ ಅಯೋಡಿನ್ ಇರೋದು ಚೂರೇ ಚೂರು. ಜೊತೆಗೆ ನೀರಾವಿ, ನೈಟ್ರೋಜನ್ ಆಕ್ಸೈಡ್‌ಗಳು, ಆಮ್ಲದ ಹಬೆ. ಆಮ್ಲ ತಗುಲಿದರೆ ಜಿಫ್-8 ಚೌಕಟ್ಟೇ ಕುಸಿಯುತ್ತದೆ. ಇದನ್ನು ಪರೀಕ್ಷಿಸದೆ "ದಾಖಲೆ ಹೀರಿಕೆ" ಅಂತ ಬರೆಯೋದು ನನಗೆ ಒಪ್ಪಿಗೆಯಿಲ್ಲ.

ಇನ್ನು ಕಾಲದ ಲೆಕ್ಕ. ವಿಕಿರಣ ಸೂಸುವ ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 8 ದಿನ. 80 ದಿನ ಹಿಡಿದಿಟ್ಟರೆ ಸಾವಿರದ ಒಂದು ಪಾಲು ಉಳಿಯುತ್ತದೆ. ಅದಕ್ಕೆ ಅಣು ಸ್ಥಾವರಗಳಲ್ಲಿ ಇದ್ದಿಲ ಫಿಲ್ಟರ್ ಸಾಕು. ತೆಂಗಿನ ಚಿಪ್ಪಿನ ಇದ್ದಿಲೇ ಅದಕ್ಕೆ ಒಳ್ಳೆಯದು. ಆದರೆ ಅಯೋಡಿನ್‌ನ ಸಾವಯವ ರೂಪವಾದ ಮೀಥೈಲ್ ಅಯೋಡೈಡ್ ಹಿಡಿಯಲು ಬರೀ ಇದ್ದಿಲು ನಂಬಬೇಡಿ, ಟೀಡಾ ಅನ್ನೋ ರಾಸಾಯನಿಕ ಅಥವಾ ಪೊಟ್ಯಾಸಿಯಂ ಅಯೋಡೈಡ್ ಲೇಪಿಸಿರಬೇಕು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಅದೂ ಸೋಲುತ್ತದೆ.

ಇನ್ನೊಂದು ವಿಕಿರಣ ರೂಪ ಅಯೋಡಿನ್-129ರ ಅರ್ಧಾಯುಷ್ಯ ಸುಮಾರು 1 ಕೋಟಿ 57 ಲಕ್ಷ ವರ್ಷ. ಅಲ್ಲಿ ರಂಧ್ರದಲ್ಲಿ ಕೂತಿದ್ದರೆ ಸಾಲದು, ರಾಸಾಯನಿಕವಾಗಿ ಬಂಧಿಯಾಗಬೇಕು. ಅದಕ್ಕೇ ಬೆಳ್ಳಿ ತುಂಬಿದ ಮಾರ್ಡನೈಟ್ ಅನ್ನೋ ಜಿಯೋಲೈಟ್ (ರಂಧ್ರಗಳಿರುವ ಖನಿಜ) ಇಂದಿಗೂ ಅಳತೆಗೋಲು. ಅಯೋಡಿನ್ ಸಿಕ್ಕಿದ ಕೂಡಲೇ ಬೆಳ್ಳಿ ಅದನ್ನು ನೀರಿಗೂ ಕರಗದ ಸಿಲ್ವರ್ ಅಯೋಡೈಡ್ ಮಾಡುತ್ತದೆ. ದುಬಾರಿ, ಒಪ್ಪುತ್ತೇನೆ. ಅದಕ್ಕಿಂತ ಅಗ್ಗದ್ದು ಹುಡುಕಬೇಕು, ಎಂಒಎಫ್ ಮೇಲಿನ ಕೆಲಸವೂ ನಡೆಯಲೇಬೇಕು. ಹೊಸ ಪುಡಿ ತಂದವರಿಗೆ ನನ್ನದು ಮೂರೇ ಪ್ರಶ್ನೆ: ತೇವದಲ್ಲಿ ಏನಾಯ್ತು? ಆಮ್ಲದಲ್ಲಿ ಏನಾಯ್ತು? ಆಮೇಲೆ ಅದನ್ನು ಯಾವ ಗಟ್ಟಿ ರೂಪದಲ್ಲಿ ಹೂಳುತ್ತೀರಿ?

ಪ್ರಶ್ನೆ: ನೀರಿನ ಫಿಲ್ಟರ್ ಮೇಲೆ "ಅಯೋಡಿನ್ ನಂಬರ್ 1000" ಅಂತಿದೆ. ವಿಕಿರಣದ ಅಯೋಡಿನ್ ತೆಗೆಯುತ್ತಾ?

ಆ ಸಂಖ್ಯೆ ಇದ್ದಿಲಿನ ಸಣ್ಣ ರಂಧ್ರಗಳ ಅಳತೆ, ಅಷ್ಟೇ.

ಪ್ರಶ್ನೆ: ಥೈರಾಯ್ಡ್ "ಡಿಟಾಕ್ಸ್" ಆಗಲು ಇದ್ದಿಲ ಮಾತ್ರೆ ತಗೋಬಹುದಾ?

ಬೇಡ. ಮಾರುವವರು ಮೋಸ ಮಾಡುತ್ತಿದ್ದಾರೆ. ಥೈರಾಯ್ಡ್ ಔಷಧಿ ತಗೊಳ್ಳುವವರಿಗೆ ಇದ್ದಿಲು ಆ ಔಷಧಿಯನ್ನೇ ಮೈಗೆ ಹತ್ತದಂತೆ ಮಾಡಬಹುದು.

ಪ್ರಶ್ನೆ: ಕೈಗಾ ಹತ್ತಿರ ಇದ್ದೇವೆ. ಮುಂಜಾಗ್ರತೆಗೆ ಅಯೋಡಿನ್ ಉಪ್ಪು ಜಾಸ್ತಿ ತಿನ್ನಲಾ?

ಖಂಡಿತ ಬೇಡ. ತುರ್ತಿನಲ್ಲಿ ದೊಡ್ಡವರಿಗೆ ಕೊಡುವ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಕಿಲೋಗೆ 15 ಮಿಲಿಗ್ರಾಂ ಇರುವ ಉಪ್ಪಾದರೆ ಆರೂವರೆ ಕಿಲೋಗಿಂತ ಜಾಸ್ತಿ ಬೇಕು. ಆ ಮಾತ್ರೆಯನ್ನೂ ಆಡಳಿತ ಹೇಳಿದಾಗ ಮಾತ್ರ ನುಂಗಿ.