ಟೇಕ್ವಾಂಡೋ ಕಲಿತವರು ನೆಲಕ್ಕೆ ಬಿದ್ದರೆ ಏನು ಮಾಡಬೇಕು?

ಕಾರವಾರದಲ್ಲಿ ನಾಲ್ಕು ವರ್ಷ ಟೇಕ್ವಾಂಡೋ ಕಲಿತೂ, ಗೆಳೆಯ ಕಾಲು ಹಿಡಿದು ಕೆಡವಿದಾಗ ಏನೂ ತೋಚಲಿಲ್ಲ ಎಂದು ಕೇಳಿದ್ದೀರಿ. ತಪ್ಪು ನಿಮ್ಮದಲ್ಲ. ಸ್ಪರ್ಧೆಯಲ್ಲಿ ಎದುರಾಳಿಯನ್ನು ಹಿಡಿದರೂ ದಂಡ, ತಾನೇ ಬಿದ್ದರೂ ದಂಡ. ಹಾಗಾಗಿ ನೆಲದ ಆಟ ಅಭ್ಯಾಸಕ್ಕೇ ಬರುವುದಿಲ್ಲ.

ಮೊದಲು ಬೀಳುವುದನ್ನು ಕಲಿಯಿರಿ. ಗದ್ದ ಎದೆಗೊತ್ತಿ, ಬೆನ್ನು ಗುಂಡಗೆ ಮಾಡಿ ಬೀಳಿ. ಕೈಯೂರಲು ಹೋದರೆ ಮಣಿಕಟ್ಟಿಗೆ ಅಪಾಯ. ಟಾಗೋರ್ ಕಡಲತೀರದ ಮರಳು ಇದಕ್ಕೆ ಒಳ್ಳೆಯದು. ಅಲೆ ತಾಗಿ ಗಟ್ಟಿಯಾದ ಒದ್ದೆ ಮರಳಲ್ಲ, ಮೇಲಿನ ಸಡಿಲ ಮರಳು.

ಬಿದ್ದ ಮೇಲೆ ಪಾದಗಳು ಸದಾ ಎದುರಾಳಿಯ ಕಡೆಗಿರಲಿ. ಹಳಿಯಾಳದ ಕಡೆ ಕುಸ್ತಿ ನೋಡಿದವರು ಕವುಚಿ ಮಲಗುತ್ತಾರೆ. ಬೆನ್ನು ನೆಲಕ್ಕೆ ತಾಗಿದರೆ ಚಿತ್ ಆಗುವ ಕಾರಣ ಅಖಾಡದಲ್ಲಿ ಅದು ಸರಿ. ಜಗಳದಲ್ಲಿ ಬೆನ್ನು ಕೊಟ್ಟರೆ ಕುತ್ತಿಗೆ ಹಿಂದಿನಿಂದ ಸಿಕ್ಕಿಬಿಡುತ್ತದೆ.

ಅವನು ಹೊಟ್ಟೆಯ ಮೇಲೆ ಕುಳಿತನೇ? ಇದಕ್ಕೆ ಮೌಂಟ್ ಎನ್ನುತ್ತಾರೆ. ಕೈ ಚಾಚಿ ದೂಡಬೇಡಿ, ಚಾಚಿದ ಕೈ ತಿರುಚಲು ಸಿಗುತ್ತದೆ. ಅವನ ಒಂದು ಕೈಯನ್ನು ಎದೆಗೆ ಬಿಗಿಯಾಗಿ ಅಪ್ಪಿಕೊಳ್ಳಿ, ಅದೇ ಬದಿಯ ಅವನ ಪಾದವನ್ನು ನಿಮ್ಮ ಪಾದದಿಂದ ತಡೆಯಿರಿ, ಸೊಂಟವನ್ನು ಜೋರಾಗಿ ಎತ್ತಿ ಆ ಬದಿಗೆ ಹೊರಳಿ. ಊರಿಕೊಳ್ಳಲು ಕೈಯೂ ಇಲ್ಲ, ಕಾಲೂ ಇಲ್ಲ; ಉರುಳುತ್ತಾನೆ. ನನ್ನ ಮಟ್ಟಿಗೆ ಒಂದೇ ಪಟ್ಟು ಕಲಿಯುವುದಾದರೆ ಇದನ್ನೇ ಕಲಿಯಬೇಕು.

ಆಮೇಲೆ ಅಲ್ಲೇ ಹೊರಳಾಡುತ್ತ ಇರಬೇಡಿ. ಬಲಗೈ ಹಿಂದೆ ಊರಿ, ಎಡ ಪಾದ ನೆಲಕ್ಕಿಟ್ಟು, ಸೊಂಟ ಎತ್ತಿ, ಬಲಗಾಲನ್ನು ಹಿಂದಕ್ಕೆಳೆದುಕೊಂಡು ಎದ್ದು ನಿಲ್ಲಿ. ಎಡಗೈ ಮುಖಕ್ಕೆ ಅಡ್ಡವಿರಲಿ. ನಿಂತರೆ ನಿಮ್ಮ ಒದೆತ ಮತ್ತೆ ನಿಮ್ಮದು.