ಲೆಕ್ಕಕ್ಕೆ ಬಾರದ ಕೂಗುಗಳು

ಏಳು ವರ್ಷ ವನ್ಯಜೀವಿ ಸಂರಕ್ಷಣೆಯಲ್ಲಿದ್ದೇನೆ, ವಯಸ್ಸು 33, ಈಗ ಬಿಟ್ಟು ಸಂಗೀತಕ್ಕೆ ಹೋದರೆ ಹುಚ್ಚುತನವಾ ಅಂತ ಕೇಳಿದ್ದೀರಿ. ನಾನು ಹೋದದ್ದು 35ಕ್ಕೆ. ಹುಚ್ಚು ಸ್ವಲ್ಪ ಬೇಕಾಗುತ್ತದೆ.

ಭದ್ರಾ ಹುಲಿ ಮೀಸಲಿನ ಅಂಚಿನಲ್ಲಿ, ಮುತ್ತೋಡಿ ಕಡೆ, ಒಂದು ಸಣ್ಣ ಸಂಸ್ಥೆಯಲ್ಲಿ ಒಂಬತ್ತು ವರ್ಷ ಇದ್ದೆ. ಊರವರ ಬಾಯಲ್ಲಿ ಅದು 'ಹುಲಿ ಕೆಲಸ'. ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಆನೆ ತುಳಿದ ಕಾಫಿ, ಬಾಳೆಗೆ ಪರಿಹಾರದ ಅರ್ಜಿ ತುಂಬುವುದರಲ್ಲಿ, ಪ್ರಾಣಿ ಹಾದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪಿನ ಖಾಲಿ ಫೋಟೊ ಅಳಿಸುವುದರಲ್ಲಿ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ ಅಲ್ವಾ. ನನಗೆ ಇಷ್ಟ ಅಂದರೆ ಟ್ರಾನ್ಸೆಕ್ಟ್. ಬೆಳಗಿನ ಜಾವ ಇಬ್ಬರು ಮಾತಿಲ್ಲದೆ ನೇರ ಗೆರೆಯಲ್ಲಿ ನಡೆಯುವುದು. ಜಿಂಕೆ, ಕಡವೆ, ಕಾಟಿ (ಕಾಡುಕೋಣ) ಕಂಡರೆ ಎಷ್ಟಿವೆ, ಎಷ್ಟು ದೂರ, ದಿಕ್ಸೂಚಿಯಲ್ಲಿ ಯಾವ ಕೋನ ಅಂತ ಬರೆದುಕೊಳ್ಳುವುದು. ಕಣ್ಣಿಗೆ ಕಂಡದ್ದು ಮಾತ್ರ ಲೆಕ್ಕ. ಕೂಗು ಲೆಕ್ಕಕ್ಕಿಲ್ಲ.

ನನ್ನ ಕಥೆ ಕೆಟ್ಟದ್ದೇ ಅಲ್ಲಿ. ಹಳ್ಳದ ಬದಿ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿ ಹಾಡುವುದನ್ನು ಕೇಳಿರುತ್ತೀರಿ. ಯಾರೋ ಹುಡುಗ ಸುಮ್ನೆ ಶಿಳ್ಳೆ ಹಾಕಿಕೊಂಡು ಹೋದ ಹಾಗೆ. ಯಾವುದೋ ರಾಗ ಹಿಡಿದಂತೆ ಮಾಡಿ ಬಿಟ್ಟುಬಿಡುತ್ತದೆ. ನಾನು ಡೇಟಾ ಶೀಟಿನ ಅಂಚಿನಲ್ಲಿ ಅದರ ಸ್ವರ ಬರೆಯತೊಡಗಿದೆ. ಒಂದು ಸಲ ಆ ಶೀಟು ಹಾಗೇ ಆಫೀಸಿಗೆ ಹೋಯಿತು. 'ಈ ಗ ಮ ಪ ಯಾವ ಪ್ರಾಣಿ?' ಅಂತ ಫೋನ್ ಬಂತು.

ಎಸ್ಸೆಸ್ಸೆಲ್ಸಿಗೆ ಬಿಟ್ಟಿದ್ದ ಕೊಳಲು ಮತ್ತೆ ಹಿಡಿದೆ. ಗುರುಗಳು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದಲೇ, ಅಂದರೆ ಮೊಟ್ಟಮೊದಲ ಪಾಠದಿಂದಲೇ, ಶುರು ಮಾಡಿಸಿದರು. ಅಕ್ಕಪಕ್ಕ ಎಂಟು ವರ್ಷದ ಮಕ್ಕಳು. ಅವರಿಗೆ ಮೂರನೇ ಕಾಲದ ವೇಗ ಸಲೀಸು, ನನಗೆ ಉಸಿರೇ ಸಾಲದು. ಕಾಟಿ ಎದುರಾದಾಗಲೂ ಅಷ್ಟು ಬೆವರಿರಲಿಲ್ಲ.

ಕಛೇರಿ ಕೊಡುವ ಕಲಾವಿದನಂತೂ ಆಗಲಿಲ್ಲ. ಅನ್ನ ಕೊಟ್ಟದ್ದು ಕಿವಿ. ಗೆಳೆಯನ ಕಿರುಚಿತ್ರವೊಂದರಲ್ಲಿ ಮಲೆನಾಡಿನ ರಾತ್ರಿಗೆ ಅಮೆರಿಕದ ಲೂನ್ ಹಕ್ಕಿ ಕೂಗುತ್ತಿತ್ತು, ರೆಡಿಮೇಡ್ ಸೌಂಡ್ ಲೈಬ್ರರಿಯಿಂದ ಎತ್ತಿದ್ದು. ತಡೆಯಲಾಗದೆ ಕಪ್ಪೆ, ಜೀರುಂಡೆ, ಎಲೆ ಮೇಲೆ ಬೀಳುವ ಮಳೆ ಎಲ್ಲ ರೆಕಾರ್ಡ್ ಮಾಡಿ ಕೊಟ್ಟೆ. ಅಲ್ಲಿಂದ ಸೌಂಡ್ ಡಿಸೈನಿನ ಕೆಲಸ ಒಂದೊಂದಾಗಿ ಬಂತು. (ಮೀಸಲು ಕಾಡಿನೊಳಗೆ ರೆಕಾರ್ಡ್ ಮಾಡಲು ಇಲಾಖೆಯ ಅನುಮತಿ ಬೇಕು. ನಾನು ಮಾಲೀಕರನ್ನು ಕೇಳಿ ಕಾಫಿ ತೋಟಗಳಲ್ಲೇ ಮಾಡುತ್ತೇನೆ.)

ಇದೇ ದಾರಿಯಲ್ಲಿ ಎದುರಿನಿಂದ ಬಂದವರೂ ಇದ್ದಾರೆ. ಅಮೆರಿಕದ ಕೇಟಿ ಪೇನ್ ಕಾಲೇಜಿನಲ್ಲಿ ಸಂಗೀತ ಓದಿ, ಆಮೇಲೆ ಪ್ರಾಣಿಗಳ ದನಿಯ ಅಧ್ಯಯನಕ್ಕೆ ಬಂದವರು. 1984ರಲ್ಲಿ ಪೋರ್ಟ್‌ಲ್ಯಾಂಡಿನ ಮೃಗಾಲಯದಲ್ಲಿ ಆನೆಗಳ ಪಕ್ಕ ಇದ್ದಾಗ ಗಾಳಿಯಲ್ಲಿ ಏನೋ ಮಿಡಿದಂತಾಯಿತು. ಚಿಕ್ಕಂದಿನಲ್ಲಿ ಆರ್ಗನ್ನಿನ ಮಂದ್ರ ಸ್ವರಕ್ಕೆ ಮೈ ನಡುಗಿದ್ದು ಅವರಿಗೆ ನೆನಪಾಯಿತು. ಆನೆಗಳು ನಮ್ಮ ಕಿವಿಗೆ ಸಿಗದಷ್ಟು ಕೆಳಗಿನ ಶ್ರುತಿಯಲ್ಲಿ ಮಾತಾಡುತ್ತವೆ ಅಂತ ಗೊತ್ತಾದದ್ದು ಹಾಗೆ. ಎರಡೂ ಕಡೆಗೆ ಬೇಕಾದ್ದು ಅದೇ ಕಿವಿ ನೋಡಿ.

ದುಡ್ಡಿನ ವಿಷಯ. ಮೊದಲ ವರ್ಷ ಹಳೇ ಸಂಬಳದ ಮೂರನೇ ಒಂದು ಭಾಗವೂ ಹುಟ್ಟಲಿಲ್ಲ. ಆ ಸಂಬಳವೇ ಎಷ್ಟಿತ್ತು ಅನ್ನಿ! ಒಬ್ಬರು ಹಣ ಕೊಡಲು ಹನ್ನೊಂದು ತಿಂಗಳು ಓಡಾಡಿಸಿದರು. ಈಗಲೂ ಮನೆ ಬಾಡಿಗೆ ಹೊರಡುವುದು ಸಂಜೆ ಮಕ್ಕಳಿಗೆ ಹೇಳುವ ಪಾಠದಿಂದ. ಒಂದು ವರ್ಷದ ಖರ್ಚು ಕೈಯಲ್ಲಿಲ್ಲದೆ ರಾಜೀನಾಮೆ ಕೊಡಬೇಡಿ. ಅದಕ್ಕೂ ಮೊದಲು ಎರಡು ತಿಂಗಳು ರಜೆ ಹಾಕಿ ದಿನಾ ಮೂರು ಗಂಟೆ ಸಾಧನೆ ಮಾಡಿ ನೋಡಿ. ನಾಲ್ಕನೇ ವಾರಕ್ಕೇ ಬೇಜಾರಾಯಿತಾ? ಹಾಗಾದರೆ ನಿಮಗೆ ಬೇಕಿದ್ದದ್ದು ನಿದ್ದೆ.

ಪಶ್ಚಾತ್ತಾಪ ಆಗುತ್ತದಾ ಅಂತಲೂ ಕೇಳಿದ್ದೀರಿ. ಹಳೇ ಗೆಳೆಯರು ಟ್ರಾನ್ಸೆಕ್ಟಿಗೆ ಹೊರಡುವ ತಿಂಗಳು ಹೊಟ್ಟೆ ಕಿವುಚುತ್ತದೆ. ಹೋದ ವರ್ಷ ತೋಟದಲ್ಲಿ ರೆಕಾರ್ಡ್ ಮಾಡುತ್ತಿದ್ದಾಗ ಮೇಲಿನ ಕಾಡಲ್ಲಿ ಕಡವೆ ಕೂಗಿತು. ಹುಲಿಯೋ ಚಿರತೆಯೋ ಕಂಡಿರಬೇಕು. ನನ್ನ ಕೈ ತಾನಾಗಿ ಜೇಬಿನಲ್ಲಿ ದಿಕ್ಸೂಚಿ ತಡಕಾಡಿತು. ಆ ತಡಕಾಟದ ಸದ್ದೂ ರೆಕಾರ್ಡಿಂಗಿನಲ್ಲಿದೆ. ಅಳಿಸಿಲ್ಲ.