ಯೀಸ್ಟ್ ಆಮೇಲೆ, ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ ಹೇಳಿ

ಮನೆಯಲ್ಲಿ ಮಾಡುವ ಪೇಲ್ ಏಲ್ ಬಿಯರ್‌ಗೆ ಯುಎಸ್-05 ಯೀಸ್ಟ್ ಹಾಕಲಾ, ಎಸ್-04 ಯೀಸ್ಟ್ ಹಾಕಲಾ, ರೂಮು 24 ಡಿಗ್ರಿ ಇದೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಎರಡು ಸಲ, ಒಟ್ಟು 40 ಲೀಟರ್ ಬಿಯರ್ ಮೋರಿಗೆ ಸುರಿದಿದ್ದೇನೆ.

ಮೊದಲನೇ ಸಲ ಯುಎಸ್-05. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿತ್ತು. ವರ್ಟ್, ಅಂದರೆ ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸ, ಇನ್ನೂ 29 ಡಿಗ್ರಿ. ರೂಮು 24 ಇದೆಯಲ್ಲ, ಬೆಳಗಾಗುವಷ್ಟರಲ್ಲಿ ತಾನಾಗೇ ತಣ್ಣಗಾಗುತ್ತೆ ಅಂದುಕೊಂಡು ಯೀಸ್ಟ್ ಉದುರಿಸಿ ಮಲಗಿಬಿಟ್ಟೆ. ತಣ್ಣಗಾಗಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನನ್ನ ದುಡ್ಡೆಲ್ಲ ಹೋದದ್ದು ಇಲ್ಲೇ. ಯೀಸ್ಟ್ ಸಕ್ಕರೆ ತಿನ್ನುವಾಗ ಬಿಸಿಯನ್ನೂ ಬಿಡುತ್ತೆ. 20 ಲೀಟರ್ ಒಳಗಿನ ಬಿಸಿ ಅಷ್ಟು ಬೇಗ ಹೊರಗೆ ಬರಲ್ಲ. ಹುದುಗು ಜೋರಾಗಿರುವಾಗ ಒಳಗೆ ರೂಮಿಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರಬಹುದು. ನನ್ನ ಥರ್ಮಾಮೀಟರ್ ಗೋಡೆ ಮೇಲಿತ್ತು! ಜ್ವರ ಮಗುವಿಗೆ, ನಾನು ಮುಟ್ಟಿ ನೋಡುತ್ತಿದ್ದದ್ದು ತೊಟ್ಟಿಲನ್ನ.

ಬೆಳಗ್ಗೆ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಡುವ ಮುಚ್ಚಳದ ನಳಿಕೆ) ಬಿಡುವಿಲ್ಲದೆ ಗುಳುಗುಳು ಅನ್ನುತ್ತಿತ್ತು, ನೊರೆ ಉಕ್ಕಿ ನೆಲವೆಲ್ಲ ಅಂಟಂಟು. ನಾನೋ ಖುಷಿಪಟ್ಟೆ. ಬಾಟಲಿ ತೆರೆದರೆ ನೈಲ್ ಪಾಲಿಶ್ ರಿಮೂವರ್ ವಾಸನೆ, ಗಂಟಲಲ್ಲಿ ಉರಿ. ಬಿಸಿಯಲ್ಲಿ ಯೀಸ್ಟ್ ಜಾಸ್ತಿ ಮಾಡುವ ಫ್ಯೂಸೆಲ್ ಆಲ್ಕೋಹಾಲ್‌ನ ಉರಿ ಅದು. ಮೂರು ತಿಂಗಳು ಇಟ್ಟು ನೋಡಿದೆ, ಹೋಗಲಿಲ್ಲ.

ಯೀಸ್ಟೇ ಸರಿಯಿಲ್ಲ ಅಂತ ಎರಡನೇ ಸಲ ಎಸ್-04 ತಂದೆ. ಅದೇ ರೂಮು, ಅದೇ ಅವಸರ, ಅದೇ ಉರಿ. ಜೊತೆಗೆ ಕಳಿತ ಬಾಳೆಹಣ್ಣಿನ ವಾಸನೆ ಬೇರೆ.

ಮೂರನೇ ಸಲ ಮತ್ತೆ ಯುಎಸ್-05ಗೇ ಬಂದೆ. ವರ್ಟ್ 18ಕ್ಕೆ ಇಳಿದ ಮೇಲೇ ಯೀಸ್ಟ್ ಹಾಕಿದ್ದು. ಫರ್ಮೆಂಟರನ್ನು, ಅಂದರೆ ಬಿಯರ್ ಹುದುಗುವ ಪಾತ್ರೆಯನ್ನು, ನೀರಿನ ಟಬ್ಬಲ್ಲಿ ಕೂರಿಸಿ, ಬೆಳಗ್ಗೆ ಸಂಜೆ ಐಸಾದ ನೀರಿನ ಬಾಟಲಿ ಬದಲಾಯಿಸಿದೆ. ಥರ್ಮಾಮೀಟರಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಫರ್ಮೆಂಟರಿನ ಮೈಗೇ ಒತ್ತಿ, ಮೇಲೊಂದು ಮಡಚಿದ ಬಟ್ಟೆ ಇಟ್ಟು ಟೇಪು ಸುತ್ತಿದೆ. ಮೊದಲ ಮೂರು ದಿನ 19 ದಾಟಲು ಬಿಡಲಿಲ್ಲ. ರುಚಿ ಕೆಡುವುದು ಹೆಚ್ಚಾಗಿ ಆ ಮೂರು ದಿನದಲ್ಲೇ. ನಾಲ್ಕನೇ ದಿನ ಬಾಟಲಿ ತೆಗೆದು 21ಕ್ಕೆ ಏರಲು ಬಿಟ್ಟೆ. ಕೊನೆಯಲ್ಲಿ ಅವಸರಪಟ್ಟು ತಣ್ಣಗೆ ಮಾಡಬೇಡಿ. ಯೀಸ್ಟ್ ನಿದ್ದೆಗೆ ಜಾರಿದರೆ ಡೈಅಸೆಟೈಲ್ ಅನ್ನುವ ಪದಾರ್ಥ ಹಾಗೇ ಉಳಿದು ಬೆಣ್ಣೆ ವಾಸನೆ ಹೊಡೆಯುತ್ತೆ.

ನಿಮ್ಮ ಪ್ರಶ್ನೆಗೆ ಬಂದರೆ, ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ರುಚಿ ಎದ್ದು ಕಾಣಬೇಕಾದರೆ ಯುಎಸ್-05. ಸ್ವಲ್ಪ ಹಣ್ಣಿನ ರುಚಿ ಇರಲಿ, ಬೇಗ ತಳ ಸೇರಲಿ ಅಂದರೆ ಎಸ್-04. ತಣ್ಣಗಿಡುವುದು ಆಗಲ್ಲ ಅನ್ನುವುದಾದರೆ ಎರಡೂ ಬೇಡ, ವಾಸ್ ಕ್ವೇಯ್ಕ್ ಅನ್ನುವ ಯೀಸ್ಟ್ ತನ್ನಿ. ಅದಕ್ಕೆ 35ರಿಂದ 40 ಡಿಗ್ರಿಯೇ ಇಷ್ಟ, ಕಿತ್ತಳೆ ಘಮ ಬರುತ್ತೆ ಅಷ್ಟೇ.

ಐಸ್ ಬಾಟಲಿ ಕನಿಷ್ಠ ಆರು ಇಟ್ಟುಕೊಳ್ಳಿ. ನಾನು ನಾಲ್ಕೇ ಇಟ್ಟು, ಎರಡನೇ ರಾತ್ರಿ ಫ್ರೀಜರಲ್ಲಿದ್ದ ಬಟಾಣಿ ಪ್ಯಾಕೆಟ್ಟನ್ನೂ ಟಬ್ಬಿಗೆ ಇಳಿಸಿದ್ದೆ.